ಅಜ್ಜಿಯ ಗುಂಡಿಯಲ್ಲಿ ಈಗ ಬೇರೆಯವರಿದ್ದಾರೆ, ಕ್ಯಾಂಡಲ್ ಎಲ್ಲಿ ಹಚ್ಚಲಿ?

ಪ್ರಶ್ನೆ: ಅಜ್ಜಿ ತೀರಿಕೊಂಡು ಇಪ್ಪತ್ತು ವರ್ಷ ಆಯಿತು. ಈ ಸಲ ಮುಂಬೈಯಿಂದ ಊರಿಗೆ ಬಂದು ನೋಡಿದರೆ ಅವರ ಗುಂಡಿಯಲ್ಲಿ ಬೇರೆ ಯಾರನ್ನೋ ಹೂತಿದ್ದಾರೆ. ಎಲುಬನ್ನೆಲ್ಲ ಎತ್ತಿ ಒಂದು ಬದಿಗೆ ಹಾಕಿದ್ದಾರಂತೆ. ನವೆಂಬರ್ 2ಕ್ಕೆ, ಸತ್ತವರ ದಿನಕ್ಕೆ, ಕ್ಯಾಂಡಲ್ ಎಲ್ಲಿ ಹಚ್ಚಲಿ? ಕಡೇ ದಿನ ಅಜ್ಜಿ ಏಳುವುದಾದರೂ ಹೇಗೆ?

ಅಕ್ಟೋಬರ್ ಮುಗಿಯುವಾಗ ಈ ಪ್ರಶ್ನೆ ಬಂದೇ ಬರುತ್ತದೆ. ಒಂದು ವರ್ಷ ಅಜ್ಜಿ, ಇನ್ನೊಂದು ವರ್ಷ ದೊಡ್ಡಪ್ಪ. ಒಮ್ಮೆ ಮಂಗಳೂರು, ಒಮ್ಮೆ ಉಡುಪಿ. ಉತ್ತರ ಮಾತ್ರ ಬದಲಾಗುವುದಿಲ್ಲ.

ಕ್ಯಾಂಡಲ್ ವಿಷಯ ಸುಲಭ. ಸಿಮೆಸ್ತ್ರಿಯ, ಅಂದರೆ ಇಗರ್ಜಿಯ (ಚರ್ಚಿನ) ಸ್ಮಶಾನದ, ನಡುವೆ ದೊಡ್ಡ ಶಿಲುಬೆ ಇದೆಯಲ್ಲ, ಅದರ ಬುಡದಲ್ಲಿ ಹಚ್ಚಿ. ಗೊಂಡೆ ಹೂವನ್ನೂ ಅಲ್ಲೇ ಇಡಿ. ಗುಂಡಿಯನ್ನು ತಮ್ಮ ಮನೆಗೇ ಖಾಯಂ ಮಾಡಿಸದ ಮನೆಯವರು ಮಾಡುವುದು ಇದನ್ನೇ. ಇರುವ ಜಾಗ ಅಷ್ಟೇ, ಸಾಯುವವರು ಕಾಯುವುದಿಲ್ಲ, ಅದಕ್ಕೇ ಹಳೆಯ ಗುಂಡಿಯನ್ನೇ ಮತ್ತೆ ಅಗೆಯುತ್ತಾರೆ. ನವೆಂಬರ್ 1ರಿಂದ 8ರ ಒಳಗೆ ಸಿಮೆಸ್ತ್ರಿಗೆ ಹೋಗಿ ಸತ್ತವರಿಗಾಗಿ ಬೇಡಿಕೊಂಡರೆ ಪೂರ್ಣ ಇಂಡಲ್ಜೆನ್ಸ್ (ಪಾಪಕ್ಕಾಗಿ ಅನುಭವಿಸಬೇಕಾದ ಶಿಕ್ಷೆಯ ಪೂರ್ತಿ ಮಾಫಿ) ಅವರಿಗೆ ಸಲ್ಲುತ್ತದೆ ಎಂಬುದು ಇಗರ್ಜಿಯ ನಿಯಮ. ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಜೊತೆಗೆ ಬೇಕು. ಆದರೆ ಅದರಲ್ಲಿ ‘ಸಿಮೆಸ್ತ್ರಿ’ ಅಂತ ಇದೆ. ‘ನಿಮ್ಮ ಅಜ್ಜಿಯ ಗುಂಡಿ’ ಅಂತ ಎಲ್ಲೂ ಇಲ್ಲ. ರಜೆ ಸಿಗದಿದ್ದರೆ ಮುಂಬೈಯ ಸಿಮೆಸ್ತ್ರಿಯೂ ಆಗುತ್ತದೆ.

ನನಗೆ ತಲೆಬಿಸಿ ಇರುವುದು ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯದ ಬಗ್ಗೆ.

ಮೂವತ್ತು ವರ್ಷ ಭಾನುವಾರದ ದೊತೊರ್ನ್ (ಮಕ್ಕಳಿಗೆ ಧರ್ಮ ಕಲಿಸುವ) ಕ್ಲಾಸು ಮಾಡಿದವಳು ನಾನು. ಮಕ್ಕಳಿಗೆ ಹೇಳಿದರೆ ಅರ್ಥ ಆಗುತ್ತದೆ. ಅವರ ಅಪ್ಪ ಅಮ್ಮಂದಿರಿಗೆ ಆಗುವುದಿಲ್ಲ. ದೇಹ ಮಣ್ಣಿನಲ್ಲಿ ಇದ್ದಲ್ಲೇ ಇದ್ದರೆ ಮಾತ್ರ ಪುನರುತ್ಥಾನ, ಅಂದರೆ ಕಡೇ ದಿನ ಮತ್ತೆ ಏಳುವುದು, ಸಾಧ್ಯವಂತೆ. ಗುಂಡಿ ಅಗೆದರೆ ಕಷ್ಟವಂತೆ. ಸುಟ್ಟರೆ ಕಥೆ ಮುಗಿಯಿತಂತೆ. ಇದನ್ನು ನಿಮಗೆ ಕಲಿಸಿದವರು ಯಾರು? ನಾನಂತೂ ಅಲ್ಲ.

ಜನವರಿಯಲ್ಲಿ ಕಾರ್ಕಳದ ಅತ್ತೂರು ಇಗರ್ಜಿಯ ಜಾತ್ರೆಗೆ ಹೋಗುತ್ತೀರಲ್ವಾ? ಕ್ಯೂ ನಿಂತು ಸಂತ ಲಾರೆನ್ಸರಿಗೆ ಕ್ಯಾಂಡಲ್ ಹಚ್ಚುತ್ತೀರಲ್ವಾ? ಅವರ ಚಿತ್ರಗಳಲ್ಲಿ ಪಕ್ಕದಲ್ಲಿ ಕಬ್ಬಿಣದ ಜಾಲರಿ ಯಾಕಿದೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? 258ರಲ್ಲಿ ರೋಮಿನಲ್ಲಿ ಅಂಥ ಜಾಲರಿಯ ಮೇಲೆ ಮಲಗಿಸಿ, ಕೆಳಗೆ ಬೆಂಕಿ ಹಾಕಿ ಅವರನ್ನು ಕೊಂದರು ಎಂದು ಮೊದಲಿನಿಂದ ಹೇಳಿಕೊಂಡು ಬಂದಿದ್ದಾರೆ. ಸ್ಮಿರ್ನಾದ ಬಿಷಪ್ ಪೋಲಿಕಾರ್ಪರನ್ನೂ ಸುಟ್ಟರು. ಸುಟ್ಟವರಿಗೆ ಪುನರುತ್ಥಾನ ಇಲ್ಲ ಅಂತಾದರೆ ಅತ್ತೂರಿನಲ್ಲಿ ನೀವು ಹರಕೆ ಹೇಳಿಕೊಂಡದ್ದು ಯಾರಿಗೆ?

ಅಷ್ಟು ದೂರ ಹೋಗುವುದೂ ಬೇಡ. 1784ರಲ್ಲಿ ಟಿಪ್ಪುವಿನ ಸೈನಿಕರು ನಮ್ಮವರನ್ನು, ಕರಾವಳಿಯ ಕ್ರೈಸ್ತರನ್ನು, ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಉಳಿದವರು ತಿರುಗಿ ಬಂದರು. ಘಟ್ಟದ ದಾರಿಯಲ್ಲಿ ಬಿದ್ದು ಸತ್ತವರಿಗೆ ಗುಂಡಿ ತೋಡಿದವರು ಯಾರು, ಶಿಲುಬೆ ನೆಟ್ಟವರು ಯಾರು? ಅವರೂ ನಿಮ್ಮ ಅಜ್ಜಿಯ ಹಿರಿಯರೇ.

ಈ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ, ಅದನ್ನೂ ಹೇಳಬೇಕು. 19ನೇ ಶತಮಾನದಲ್ಲಿ ಯುರೋಪಿನ ಕೆಲವರು ಪುನರುತ್ಥಾನವನ್ನು ಅಣಕಿಸುವುದಕ್ಕೆಂದೇ ಹೆಣ ಸುಡಿಸುತ್ತಿದ್ದರು. ಅದಕ್ಕೇ 1886ರಲ್ಲಿ ರೋಮ್, ಅಂದರೆ ಪೋಪರ ಆಡಳಿತ, ಹೆಣ ಸುಡುವುದನ್ನು ನಿಷೇಧಿಸಿತು. 1963ರಲ್ಲಿ ನಿಷೇಧ ಸಡಿಲಾಯಿತು. 1983ರ ಇಗರ್ಜಿ ಕಾನೂನಿನ 1176ನೇ ವಿಧಿ ಹೂಳುವುದನ್ನೇ ಮೆಚ್ಚುತ್ತದೆ. ಆದರೆ ಸುಡುವುದಕ್ಕೆ ಅಡ್ಡಿ ಇಲ್ಲ, ನಂಬಿಕೆಗೆ ವಿರುದ್ಧವಾದ ಕಾರಣಕ್ಕೆ ಸುಡಿಸಬಾರದು ಅಷ್ಟೇ ಎನ್ನುತ್ತದೆ. ನಮ್ಮ ಹಿರಿಯರು ಬೈಗುಳವನ್ನು ನೆನಪಿಟ್ಟುಕೊಂಡರು, ಯಾರಿಗೆ ಬೈದದ್ದು ಅಂತ ಮರೆತರು. ಬೂದಿಯನ್ನು ಸಮುದ್ರಕ್ಕೆ ಬಿಡಬಾರದು ಎಂದು ರೋಮ್ 2016ರಲ್ಲಿ ಹೇಳಿದೆ. ಉಳ್ಳಾಲದ ಕಡಲು ಎಷ್ಟೇ ಹತ್ತಿರ ಇರಲಿ, ಬೂದಿಯನ್ನೂ ಸಿಮೆಸ್ತ್ರಿಗೇ ಒಯ್ಯಬೇಕು.

ಸಂತ ಅಗಸ್ಟೀನರ ತಾಯಿ ಸಂತ ಮೋನಿಕಾರಿಗೂ ಗುಂಡಿಯ ಚಿಂತೆ ಇತ್ತು. ಆಫ್ರಿಕಾದ ತಮ್ಮ ಊರಿನಲ್ಲಿ ಗಂಡನ ಪಕ್ಕದಲ್ಲೇ ಜಾಗ ಗೊತ್ತು ಮಾಡಿಟ್ಟಿದ್ದರು. 387ರಲ್ಲಿ ಕಾಯಿಲೆ ಬಿದ್ದದ್ದು ಇಟಲಿಯ ಓಸ್ತಿಯಾದಲ್ಲಿ. ಮಗನೊಬ್ಬ ಊರಿನ ಮಾತು ಎತ್ತಿದಾಗ, ಈ ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ದೇವರ ಪೀಠದ ಮುಂದೆ ನನ್ನನ್ನು ನೆನೆದರೆ ಸಾಕು ಅಂದರಂತೆ. ನೀವೂ ಇಗರ್ಜಿ ಆಫೀಸಿಗೆ ಹೋಗಿ ಅಜ್ಜಿಯ ಹೆಸರಿಗೆ ಒಂದು ಪೂಜೆ (ಮಾಸ್) ಬರೆಸಿ.

ಆಫೀಸಿಗೆ ಹೋದ ಮೇಲೆ ಇನ್ನೊಂದು ಕೆಲಸ ಇದೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಜ್ಜಿಯ ಗುಂಡಿ ಹೋದರೂ ಹೆಸರು ಮರಣದ ರಿಜಿಸ್ಟರಿನಲ್ಲಿ ಇರುತ್ತದೆ. ಹೂತ ಮೇಲೆ ಬರೆದಿಡಲೇಬೇಕು, ಅದು ನಿಯಮ. ಅದಕ್ಕಿಂತ ರುಚಿ ಜಾಸ್ತಿ ಇರುವುದು ದೀಕ್ಷಾಸ್ನಾನದ (ಬ್ಯಾಪ್ಟಿಸಮ್ಮಿನ) ರಿಜಿಸ್ಟರಿನಲ್ಲಿ. ಅಪ್ಪ, ಅಮ್ಮ, ಗಾಡ್‌ಫಾದರ್, ಗಾಡ್‌ಮದರ್, ಎಲ್ಲರ ಹೆಸರೂ ಅಲ್ಲಿ ಸಿಗುತ್ತದೆ. ಪುಟದ ಅಂಚನ್ನು ಬಿಡದೆ ನೋಡಿ. ಆ ಮಗು ಮುಂದೆ ಯಾವ ಇಗರ್ಜಿಯಲ್ಲಿ ಮದುವೆಯಾಯಿತು ಅಂತ ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನಮ್ಮ ಅಜ್ಜನದ್ದು ಹೀಗೇ ಸಿಕ್ಕಿತು. ಅಂಚಿನಲ್ಲಿ ಕಲ್ಯಾಣಪುರ ಅಂತ ಇತ್ತು. ಅಲ್ಲಿಗೆ ಹೋದರೆ ಅಜ್ಜಿಯ ಅಪ್ಪ ಅಮ್ಮನ ಹೆಸರು! ನಮ್ಮ ಮನೆಯಲ್ಲಿ ಅದು ಯಾರ ಬಾಯಲ್ಲೂ ಉಳಿದಿರಲಿಲ್ಲ. ಈಗ ನವೆಂಬರಿನಲ್ಲಿ ಅವರಿಗೂ ಒಂದು ಕ್ಯಾಂಡಲ್ ಇದೆ.

ಭಾನುವಾರ ಪೂಜೆ ಮುಗಿದ ಕೂಡಲೇ ಹೋಗಿ ಫಾದರನ್ನು ಹಿಡಿಯಬೇಡಿ. ವಾರದ ನಡುವೆ ಬೆಳಿಗ್ಗೆ ಹೋಗಿ. ಅಂದಾಜಿಗಾದರೂ ಒಂದು ಇಸವಿ ಗೊತ್ತಿರಲಿ, ಇಲ್ಲದಿದ್ದರೆ ಪುಟ ಮಗುಚಿ ಮಗುಚಿ ಅವರಿಗೂ ಸಾಕಾಗುತ್ತದೆ. ಅಜ್ಜಿ ಹುಟ್ಟಿದ್ದು ನೇತ್ರಾವತಿಯ ದೊಡ್ಡ ನೆರೆಯ ವರ್ಷ ಅಂತ ಮನೆಯಲ್ಲಿ ಹೇಳುತ್ತಿದ್ದರೆ 1923ರ ಪುಟದಿಂದ ಶುರು ಮಾಡಿ.