ಮಳೆ ಸುರಿದ ವರ್ಷದ ಬರ

2015ರ ಮೇ 15ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಗವರ್ನರ್ ಜೇ ಇನ್‌ಸ್ಲೀ ಇಡೀ ರಾಜ್ಯಕ್ಕೆ ಬರಗಾಲದ ತುರ್ತುಸ್ಥಿತಿ ಘೋಷಿಸಿದರು. ಮಳೆಯೇನೂ ಕೈಕೊಟ್ಟಿರಲಿಲ್ಲ. ಹಿಂದಿನ ಅಕ್ಟೋಬರಿನಿಂದ ಮಾರ್ಚಿಯವರೆಗೆ ಆಕಾಶದಿಂದ ಬಿದ್ದ ನೀರು ಹೆಚ್ಚೂಕಡಿಮೆ ವಾಡಿಕೆಯಷ್ಟೇ ಇತ್ತು. ಯಾಕಿಮಾ ಕಣಿವೆಯ ಐದು ಜಲಾಶಯಗಳು ಏಪ್ರಿಲ್ ಹೊತ್ತಿಗೆ ವಾಡಿಕೆಗಿಂತ ಚೆನ್ನಾಗಿಯೇ ತುಂಬಿದ್ದವು. ಕೊರತೆ ಬಿದ್ದದ್ದು ಕ್ಯಾಸ್ಕೇಡ್ ಪರ್ವತಗಳ ಮೇಲಿನ ಹಿಮಕ್ಕೆ. ದಾಖಲೆಯಲ್ಲೇ ಅತಿ ಬೆಚ್ಚಗಿನ ಚಳಿಗಾಲಗಳಲ್ಲಿ ಒಂದಾಗಿದ್ದ ಆ ಋತುವಿನಲ್ಲಿ ಹಿಮವಾಗಿ ಬೀಳಬೇಕಿದ್ದ ನೀರು ಮಳೆಯಾಗಿ ಬಿದ್ದು, ಜನವರಿ–ಫೆಬ್ರುವರಿಯಲ್ಲೇ ಹೊಳೆ ಸೇರಿ, ಸಮುದ್ರಕ್ಕೆ ಹೋಗಿತ್ತು. ಬರ ಘೋಷಿಸಿದ ದಿನ ರಾಜ್ಯದ ಹಿಮದ ಸಂಗ್ರಹ ಆ ದಿನಕ್ಕೆ ಇರಬೇಕಾದುದರ ಶೇ. 16ಕ್ಕೆ ಇಳಿದಿತ್ತು.

ಕಾವೇರಿ, ಕೃಷ್ಣೆಯ ಲೆಕ್ಕದಲ್ಲಿ ಬೆಳೆದ ನಮಗೆ ಇದು ತಕ್ಷಣ ತಲೆಗೆ ಹೋಗುವುದಿಲ್ಲ. ನಮ್ಮಲ್ಲಿ ಕೊಡಗಿನಲ್ಲಿ ಮಳೆಯಾದರೆ ಕೆಲವೇ ದಿನಗಳಲ್ಲಿ ಒಳಹರಿವು ಏರುತ್ತದೆ. ಬಿದ್ದದ್ದೆಷ್ಟು ಎಂಬುದೊಂದೇ ಪ್ರಶ್ನೆ. ಅಮೆರಿಕದ ಪಶ್ಚಿಮ ಭಾಗದಲ್ಲಿ ಮಳೆಗಾಲವೇ ಚಳಿಗಾಲ. ಬೇಸಿಗೆ ಬಹುತೇಕ ಒಣ. ನೀರು ಬೇಕಾಗುವುದು ಜುಲೈ–ಆಗಸ್ಟಿನಲ್ಲಿ. ಈ ಐದಾರು ತಿಂಗಳ ಅಂತರವನ್ನು ತುಂಬುತ್ತಿದ್ದದ್ದು ಬೆಟ್ಟದ ಮೇಲೆ ಕೂತ ಹಿಮ. ಯಾಕಿಮಾದ ಐದೂ ಜಲಾಶಯ ಸೇರಿಸಿದರೆ ಸುಮಾರು 47 ಟಿಎಂಸಿ, ಅಂದರೆ ನಮ್ಮ ಕೆಆರ್‌ಎಸ್‌ಗಿಂತ ಸ್ವಲ್ಪ ಕಡಿಮೆ. ಆ ನದಿಯ ವಾರ್ಷಿಕ ಹರಿವು ಸರಾಸರಿ 148 ಟಿಎಂಸಿ. ಕಟ್ಟೆಗಳಲ್ಲಿ ಹಿಡಿಯುವುದು ಮೂರನೇ ಒಂದು ಪಾಲಿಗಿಂತ ಕಡಿಮೆ. ಅಲ್ಲಿನ ನೀರಾವರಿಯವರು ಹಿಮವನ್ನು ‘ಆರನೇ ಜಲಾಶಯ’ ಎಂದು ಕರೆಯುವುದು ಸುಮ್ಮನೆ ಅಲ್ಲ. ಐದು ತುಂಬಿ ಆರನೆಯದು ಖಾಲಿಯಾದರೂ ಬರವೇ.

ಬೆಚ್ಚಗಿನ ಚಳಿಗಾಲ ಹಿಮವನ್ನು ಹೇಗೆ ಕಸಿಯುತ್ತದೆ? ಮೊದಲನೆಯದು ಎತ್ತರದ ಲೆಕ್ಕ. ಬೆಟ್ಟ ಏರಿದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹಾಗಾಗಿ ಚಳಿಗಾಲ ಒಂದು ಡಿಗ್ರಿ ಬಿಸಿಯಾದರೆ ಮಳೆ ಹಿಮವಾಗುವ ಗೆರೆ ಸುಮಾರು 150 ಮೀಟರ್ ಮೇಲೆ ಸರಿಯುತ್ತದೆ. 150 ಮೀಟರ್ ಕೇಳಲು ಅಲ್ಪ. ಆದರೆ ಬೆಟ್ಟ ಮೇಲೆ ಹೋದಂತೆ ಕಿರಿದಾಗುತ್ತದೆ. ಕೆಳಗಿನ ಪಟ್ಟಿಯಲ್ಲೇ ನೆಲದ ವಿಸ್ತಾರ ಹೆಚ್ಚು, ಅದೇ ಮೊದಲು ಕೈಬಿಡುತ್ತದೆ. ಸಿಯಾಟಲ್‌ನಿಂದ ಪೂರ್ವಕ್ಕೆ ಹೋಗುವ ಹೆದ್ದಾರಿ ದಾಟುವ ಸ್ನೋಕ್ವಾಲ್ಮಿ ಕಣಿವೆದಾರಿ ಕೇವಲ 920 ಮೀಟರ್ ಎತ್ತರದಲ್ಲಿದೆ. ಕ್ಯಾಸ್ಕೇಡ್‌ಗಳ ಹಿಮದ ದೊಡ್ಡ ಪಾಲು ಹೀಗೆ ಸೊನ್ನೆ ಡಿಗ್ರಿಯ ಅಂಚಿನಲ್ಲೇ ಬೀಳುವಂಥದ್ದು. ಕೊಲೊರಾಡೊದ ಮೈನಸ್ ಹತ್ತು ಡಿಗ್ರಿಯ ಶಿಖರಗಳಲ್ಲಿ ಎರಡು ಡಿಗ್ರಿ ಏರಿದರೂ ಬೀಳುವುದು ಹಿಮವೇ. ಇಲ್ಲಿ ಎರಡು ಡಿಗ್ರಿಗೆ ಇಡೀ ಋತುವೇ ಬದಲಾಗುತ್ತದೆ.

ಎರಡನೆಯದು, ಬಿದ್ದ ಹಿಮದೊಳಗಿನ ಚಳಿ ನಾವೆಣಿಸಿದಷ್ಟು ದೊಡ್ಡದಲ್ಲ. ಒಂದು ಮೀಟರ್ ದಪ್ಪ, ಘನಮೀಟರಿಗೆ 300 ಕಿಲೊ ತೂಗುವ, ಮೈನಸ್ ಐದು ಡಿಗ್ರಿಯಲ್ಲಿರುವ ಹಿಮವನ್ನು ತೆಗೆದುಕೊಳ್ಳಿ. ಅದನ್ನು ಸೊನ್ನೆಗೆ ತರಲು ಚದರ ಮೀಟರಿಗೆ ಸುಮಾರು 3,150 ಕಿಲೊಜೂಲ್ ಶಾಖ ಸಾಕು. ಹತ್ತು ಮಿಲಿಮೀಟರಿನಷ್ಟು ನೀರು ಒಳಗಿಳಿದು ಹೆಪ್ಪುಗಟ್ಟಿದರೆ ಅಷ್ಟು ಶಾಖ ಅಲ್ಲೇ ಬಿಡುಗಡೆಯಾಗುತ್ತದೆ. ಅಂದರೆ ಒಂದೇ ಒಂದು ಸಾಧಾರಣ ಮಳೆ, ಇಡೀ ಹೊದಿಕೆ ಕರಗಲು ತಯಾರು. ಆಮೇಲೆ ಬರುವ ಪ್ರತಿ ಕಿಲೊಜೂಲೂ ನೇರ ಕರಗಿಸುವುದಕ್ಕೇ ಖರ್ಚು. ಹೊಸ ಹಿಮ ಬಿಸಿಲಿನ ಶೇ. 80ರಿಂದ 90ರಷ್ಟನ್ನು ವಾಪಸ್ ಕಳಿಸುತ್ತದೆ. ಹಳೆಯದಾಗಿ ಒದ್ದೆಯಾದದ್ದು ಶೇ. 50–60 ಮಾತ್ರ. ಮೇಲೆ ದೂಳು ಕೂತರೆ ಇನ್ನೂ ಕಡಿಮೆ.

ಹಿಮದ ಮೇಲೆ ಮಳೆ ಬಿದ್ದರೆ ಮಳೆನೀರೇ ಹಿಮ ಕರಗಿಸಿಬಿಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ಐದು ಡಿಗ್ರಿ ಬಿಸಿಯ 50 ಮಿಲಿಮೀಟರ್ ಮಳೆ ಚದರ ಮೀಟರಿಗೆ ತರುವ ಶಾಖ ಸುಮಾರು 1,050 ಕಿಲೊಜೂಲ್. ಒಂದು ಕಿಲೊ ಹಿಮ ಕರಗಿಸಲು 334 ಕಿಲೊಜೂಲ್ ಬೇಕು. ಹಾಗಾಗಿ ಕರಗುವುದು ಮೂರೇ ಕಿಲೊ, ಅಂದರೆ ಮೂರು ಮಿಲಿಮೀಟರ್ ನೀರು. ಅಷ್ಟು ಜೋರು ಮಳೆಗೆ ಇದು ಏನೂ ಅಲ್ಲ. ನಿಜವಾದ ಕಸುಬು ಮಳೆಯ ಜೊತೆಗೆ ಬರುವ ತೇವದ ಬೆಚ್ಚಗಿನ ಗಾಳಿಯದು. ತಣ್ಣೀರು ತುಂಬಿದ ಸ್ಟೀಲ್ ಲೋಟದ ಮೈ ಬೆವರುವಂತೆ ಆ ಗಾಳಿಯ ಆವಿ ಹಿಮದ ಮೇಲೆ ನೀರಾಗುತ್ತದೆ. ಹಾಗೆ ನೀರಾದ ಪ್ರತಿ ಕಿಲೊ ಆವಿ ಸುಮಾರು 2,500 ಕಿಲೊಜೂಲ್ ಬಿಟ್ಟುಕೊಡುತ್ತದೆ, ಏಳೂವರೆ ಕಿಲೊ ಹಿಮ ಕರಗಲು ಅಷ್ಟು ಸಾಕು. ಗಾಳಿ ಬೀಸಿದಷ್ಟೂ ಹೊಸ ಆವಿ ಸಿಗುತ್ತಲೇ ಇರುತ್ತದೆ. 2017ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಅಣೆಕಟ್ಟೆಗೆ ಬಂದ ಭಾರಿ ಒಳಹರಿವಿನ ಹಿಂದೆ ಇಂಥ ಬೆಚ್ಚಗಿನ ಮಳೆಯಿತ್ತು. ಕೋಡಿಯ ಕಾಂಕ್ರೀಟ್ ಕಿತ್ತುಹೋದದ್ದಕ್ಕೆ ಕಟ್ಟಡದ ದೋಷವೇ ಕಾರಣ, ಮಳೆಯ ಮೇಲೆ ಹೊರಿಸುವಂತಿಲ್ಲ. ಆದರೆ ಕೆಳಗಿನ ಊರುಗಳಿಂದ ಸುಮಾರು 1,88,000 ಜನರನ್ನು ಎಬ್ಬಿಸಬೇಕಾಗಿ ಬಂದ ಆ ವಾರ, ಬೆಟ್ಟ ತಡೆದಿಟ್ಟುಕೊಳ್ಳಬೇಕಿದ್ದ ನೀರೂ ಕೆಳಗೆ ಬರುತ್ತಿತ್ತು.

ಇಷ್ಟಕ್ಕೂ ಬೆಟ್ಟದ ಮೇಲೆ ಎಷ್ಟು ನೀರಿದೆ ಎಂದು ತಿಳಿಯುವುದು ಹೇಗೆ? ದಪ್ಪ ಅಳೆದರೆ ಸಾಲದು. ಆಗತಾನೇ ಬಿದ್ದ ಹಿಮ ಹತ್ತು ಸೆಂಟಿಮೀಟರ್ ಇದ್ದರೆ ಒಳಗಿನ ನೀರು ಒಂದು ಸೆಂಟಿಮೀಟರ್ ಇರಬಹುದು. ಏಪ್ರಿಲಿನ ಕುಸಿದ ಹಿಮದಲ್ಲಿ ಅದೇ ಹತ್ತಕ್ಕೆ ನಾಲ್ಕು. ಬೇಕಾದದ್ದು ತೂಕ. ನೆವಾಡಾ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಮೇಷ್ಟರಾಗಿದ್ದ ಜೇಮ್ಸ್ ಎಡ್ವರ್ಡ್ ಚರ್ಚ್ 20ನೇ ಶತಮಾನದ ಆರಂಭದಲ್ಲಿ ಮೌಂಟ್ ರೋಸ್ ಬೆಟ್ಟದಲ್ಲಿ ಇದಕ್ಕೊಂದು ಕೊಳವೆ ರೂಪಿಸಿದರು. ಅದರಿಂದ ಬೆಳೆದ ಇಂದಿನ ಕೊಳವೆಯ ಬಾಯಿಯ ಒಳವ್ಯಾಸ 1.485 ಅಂಗುಲ. ವಿಚಿತ್ರ ಅಳತೆ ಎನಿಸಿದರೂ ಅದರ ಹಿಂದೆ ಜಾಣತನವಿದೆ: ಆ ವ್ಯಾಸದಲ್ಲಿ ಒಂದು ಅಂಗುಲ ನೀರು ಸರಿಯಾಗಿ ಒಂದು ಔನ್ಸ್ ತೂಗುತ್ತದೆ. ತಕ್ಕಡಿ ತೋರಿಸಿದ ಔನ್ಸೇ ನೀರಿನ ಅಂಗುಲ. ಚಳಿಗೆ ಮರಗಟ್ಟಿದ ಕೈಯಲ್ಲಿ ಪೆನ್ಸಿಲ್ ಹಿಡಿದು ಗುಣಿಸುವ ತಾಪತ್ರಯವಿಲ್ಲ.

ಅಳೆಯುವ ಕ್ರಮ ಹೀಗೆ. ಖಾಲಿ ಕೊಳವೆಯನ್ನು ಮೊದಲು ತೂಗಬೇಕು. ಬಿಸಿಲಲ್ಲಿಟ್ಟಿದ್ದರೆ ನೆರಳಿನಲ್ಲಿ ತಣಿಸಬೇಕು. ಬೆಚ್ಚಗಿನ ಲೋಹಕ್ಕೆ ತಾಗಿದ ಹಿಮ ಕರಗಿ, ಮತ್ತೆ ಒಳಗೋಡೆಗೆ ಅಂಟಿ ಹೆಪ್ಪುಗಟ್ಟುತ್ತದೆ. ನೆಟ್ಟಗೆ ಇಳಿಸಿ, ನೆಲ ಮುಟ್ಟಿದ ಮೇಲೆ ಇನ್ನಷ್ಟು ಒತ್ತಿ ತಿರುಗಿಸಿ ಒಂದಿಷ್ಟು ಮಣ್ಣು ಕಚ್ಚಿಸಬೇಕು. ಆ ಮಣ್ಣಿನ ಬಿರಡೆ ಹಿಮ ಜಾರಿ ಬೀಳದಂತೆ ತಡೆಯುತ್ತದೆ, ತಳದವರೆಗೂ ಹೋಗಿದ್ದಕ್ಕೆ ಸಾಕ್ಷಿಯೂ ಹೌದು. ಹೊರಗಿನ ದಪ್ಪಕ್ಕೂ ಕೊಳವೆಯೊಳಗಿನ ಹಿಮದ ಉದ್ದಕ್ಕೂ ತೀರಾ ವ್ಯತ್ಯಾಸ ಬಂದರೆ ಆ ಮಾದರಿ ಚೆಲ್ಲಿ, ಪಕ್ಕದಲ್ಲಿ ಮತ್ತೆ ತೆಗೆಯಬೇಕು. ಸರಿ ಬಂದರೆ ಮಣ್ಣು ಕೆರೆದು ತೂಗಿ, ಖಾಲಿ ತೂಕ ಕಳೆಯುವುದು. ಒಂದೇ ಗೆರೆಯಲ್ಲಿ ಇಂಥ ಹತ್ತರ ಆಸುಪಾಸು ಅಳತೆ ತೆಗೆದು ಸರಾಸರಿ ಹಾಕುತ್ತಾರೆ. ಬೆಚ್ಚಗಿನ ಚಳಿಗಾಲದಲ್ಲಿ ಇದೇ ಕೆಲಸ ಪೇಚಾಟ. ಕರಗಿ–ಹೆಪ್ಪುಗಟ್ಟಿ ನಡುವೆ ಮಂಜುಗಡ್ಡೆಯ ಪದರಗಳಾಗಿರುತ್ತವೆ; ಅದಕ್ಕೆ ಸಿಕ್ಕ ಕೊಳವೆಯ ಬಾಯಿ ಕಟ್ಟಿಕೊಂಡು, ಕೆಳಗಿನ ಹಿಮ ಒಳಗೆ ಬರದೆ ಪಕ್ಕಕ್ಕೆ ಸರಿಯುತ್ತದೆ, ತೂಕ ಕಡಿಮೆ ತೋರಿಸುತ್ತದೆ.

ಮನುಷ್ಯ ಹೋಗದ ದಿನಗಳಿಗೆ ‘ಸ್ನೋಟೆಲ್’ ಕೇಂದ್ರಗಳಿವೆ, ಪಶ್ಚಿಮದ ಬೆಟ್ಟಗಳಲ್ಲಿ ಸುಮಾರು 900. ಹೆಪ್ಪುಗಟ್ಟದ ದ್ರವ ತುಂಬಿದ, ಸುಮಾರು ಮೂರು ಮೀಟರ್ ಅಗಲದ ದಿಂಬು ನೆಲದ ಮೇಲಿರುತ್ತದೆ. ಮೇಲೆ ಕೂತ ಹಿಮದ ಭಾರವನ್ನು ದ್ರವದ ಒತ್ತಡ ಹೇಳುತ್ತದೆ. ದಶಕಗಳ ಕಾಲ ಈ ಅಂಕಿಗಳು ಊರು ಸೇರುತ್ತಿದ್ದದ್ದು ಉಲ್ಕೆಗಳ ಮೂಲಕ: ಉರಿದುಹೋದ ಉಲ್ಕೆ ಆಕಾಶದಲ್ಲಿ ಬಿಟ್ಟ ಅಯಾನುಗಳ (ವಿದ್ಯುದಾವೇಶದ ಕಣಗಳ) ಜಾಡಿಗೆ ರೇಡಿಯೊ ಸಂಕೇತ ಹಾಯಿಸಿ, ಅದು ಪ್ರತಿಫಲಿಸುವಂತೆ ಮಾಡುವುದು. ಉಪಗ್ರಹ, ಮೊಬೈಲ್ ಜಾಲ ಬಂದ ಮೇಲೆ ಅದು ಹಿಂದೆ ಸರಿಯಿತು. ದಿಂಬಿಗೂ ಮಂಜುಗಡ್ಡೆಯ ಪದರವೇ ಶತ್ರು. ಗಟ್ಟಿ ಪದರ ಸೇತುವೆಯಂತೆ ನಿಂತು ಭಾರವನ್ನು ಅಕ್ಕಪಕ್ಕದ ನೆಲಕ್ಕೆ ಹೊರಿಸಿಬಿಟ್ಟರೆ ದಿಂಬಿಗೆ ತೂಕವೇ ತಿಳಿಯುವುದಿಲ್ಲ.

2015ರ ಏಪ್ರಿಲ್ 1ರಂದು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದ ಫಿಲಿಪ್ಸ್ ಎಂಬಲ್ಲಿ ಕೊಳವೆ ಊರಲು ಹಿಮವೇ ಇರಲಿಲ್ಲ. ವಾಡಿಕೆಯಂತೆ ಅಲ್ಲಿ ಆ ದಿನ 66 ಅಂಗುಲಕ್ಕೂ ಹೆಚ್ಚು ದಪ್ಪ ಇರಬೇಕು. ಗವರ್ನರ್ ಜೆರ್ರಿ ಬ್ರೌನ್ ಒಣ ಹುಲ್ಲಿನ ಮೇಲೆ ನಿಂತು ನಗರಗಳ ನೀರಿನ ಬಳಕೆಯನ್ನು ಶೇ. 25ರಷ್ಟು ಇಳಿಸಬೇಕೆಂದು ಆದೇಶಿಸಿದರು. ರಾಜ್ಯದ ಹಿಮ ಸರಾಸರಿಯ ಶೇ. 5. ಆದರೆ ಇದನ್ನೂ ವಾಷಿಂಗ್ಟನ್ನಿನದನ್ನೂ ಒಂದೇ ತಟ್ಟೆಗೆ ಹಾಕಬಾರದು. ಕ್ಯಾಲಿಫೋರ್ನಿಯಾದಲ್ಲಿ ಬಿಸಿಯೂ ಇತ್ತು, ಮಳೆಯ ಕೊರತೆಯೂ ಇತ್ತು. ವಾಷಿಂಗ್ಟನ್ನಿನದು ಬಿಸಿಯೊಂದೇ ಮಾಡಿದ ಕೆಲಸ, ಹಾಗಾಗಿ ಮುಂದಿನ ದಿನಗಳಿಗೆ ಅದೇ ಹೆಚ್ಚು ಪಾಠ ಹೇಳುತ್ತದೆ.

ನೀರು ಚಳಿಗಾಲದಲ್ಲೇ ಬಂದರೆ ಕಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳಬಾರದೇ ಎಂಬ ಪ್ರಶ್ನೆ ಸಹಜ. ಹಿಡಿಯಲು ಬಿಡುವುದಿಲ್ಲ ನೆರೆಯ ಭಯ. ಪ್ರವಾಹ ತಡೆಯುವ ಜಲಾಶಯಗಳಲ್ಲಿ ಚಳಿಗಾಲವಿಡೀ ಇಂತಿಷ್ಟು ಜಾಗ ಖಾಲಿ ಇಟ್ಟಿರಬೇಕೆಂಬ ನಿಯಮವಿರುತ್ತದೆ. ಹಿಮ ಆಮೇಲೆ ತುಂಬಿಸುತ್ತದೆ ಎಂಬ ಭರವಸೆಯ ಮೇಲೆ ಬರೆದ ನಿಯಮ ಅದು. ತುಂಬಿಸಿದರೆ ಮಾರ್ಚಿಯ ಒಂದು ಬಿರುಮಳೆಗೆ ಅಪಾಯ. ಬಿಟ್ಟರೆ ಆಗಸ್ಟಿಗೆ ಬಾಯಾರಿಕೆ. ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಜಲಾಶಯದಲ್ಲಿ ಹವಾಮಾನ ಮುನ್ಸೂಚನೆ ನೋಡಿಕೊಂಡು ಈ ಜಾಗವನ್ನು ಹೆಚ್ಚುಕಡಿಮೆ ಮಾಡುವ ಪದ್ಧತಿ ಬಂದಿದೆ. ನನ್ನ ಮಟ್ಟಿಗೆ, ಹೊಸ ಕಟ್ಟೆ ಕಟ್ಟುವುದಕ್ಕಿಂತ ಇದು ಅಗ್ಗದ ದಾರಿ.

ಯಾಕಿಮಾದಲ್ಲಿ ಪೆಟ್ಟು ಎಲ್ಲರಿಗೂ ಸಮನಾಗಿ ಬೀಳಲಿಲ್ಲ. ಅಲ್ಲಿ 1905ರ ಮೇ 10ಕ್ಕಿಂತ ಹಿಂದಿನ ನೀರಿನ ಹಕ್ಕುಳ್ಳವರಿಗೆ ಪೂರ್ತಿ ಪಾಲು ಮೊದಲು. ಉಳಿದದ್ದನ್ನು ಆಮೇಲಿನವರು ಹಂಚಿಕೊಳ್ಳಬೇಕು. 2015ರಲ್ಲಿ ಅವರಿಗೆ ದಕ್ಕಿದ್ದು ಶೇ. 47. ಸುಮಾರು 72,000 ಎಕರೆಗೆ ನೀರುಣಿಸುವ ರೋಜಾ ನೀರಾವರಿ ಜಿಲ್ಲೆ (ನಾಲೆ ನಡೆಸುವ ಸ್ಥಳೀಯ ಸಂಸ್ಥೆ) ಮೇ ತಿಂಗಳಲ್ಲಿ ಸುಮಾರು ಮೂರು ವಾರ ನಾಲೆಯನ್ನೇ ಮುಚ್ಚಿತು. ಮಂಡ್ಯದ ಕಡೆಯ ಕಟ್ಟು ಪದ್ಧತಿ ಬಲ್ಲವರಿಗೆ ತರ್ಕ ಗೊತ್ತಾಗುತ್ತದೆ: ಮೇ ತಿಂಗಳಲ್ಲಿ ಸೇಬಿನ ಮರ ಎಳೆಯುವ ನೀರು ಕಡಿಮೆ, ಕಾಯಿ ದಪ್ಪಗಾಗುವ ಜುಲೈ–ಆಗಸ್ಟಿನಲ್ಲಿ ಕೊರತೆಯಾದರೆ ಬೆಳೆಯೇ ಹೋಯಿತು. ಬೆಂಗಳೂರಿನ ಹಣ್ಣಿನಂಗಡಿಯಲ್ಲಿ ಸ್ಟಿಕರ್ ಅಂಟಿಸಿಕೊಂಡು ಕೂರುವ ವಾಷಿಂಗ್ಟನ್ ಸೇಬಿನ ತವರುಗಳಲ್ಲಿ ಈ ಕಣಿವೆಯೂ ಒಂದು. ಕೊಲಂಬಿಯಾ ನದಿಯಲ್ಲಿ ಆ ಬೇಸಿಗೆ ಮೊಟ್ಟೆಯಿಡಲು ಮೇಲೇರುತ್ತಿದ್ದ ಸಾಕ್‌ಐ ಸಾಲ್ಮನ್ ಮೀನುಗಳಲ್ಲಿ ಎರಡೂವರೆ ಲಕ್ಷದಷ್ಟು ಸತ್ತವು. ಹಿಮದ ತಣ್ಣೀರು ಬರದೆ ನದಿಯ ನೀರು 20 ಡಿಗ್ರಿ ದಾಟಿತ್ತು.

ಇನ್ನೊಂದು ಪೆಟ್ಟು ಮುನ್ಸೂಚನೆಗೆ. ಏಪ್ರಿಲ್ 1ರ ಹಿಮದಲ್ಲಿ ಇಷ್ಟು ನೀರಿದ್ದರೆ ಬೇಸಿಗೆಯಲ್ಲಿ ನದಿಗೆ ಇಷ್ಟು ಎಂಬ ಸೂತ್ರ ಹಳೆಯ ದಶಕಗಳ ಅಂಕಿಗಳಿಂದ ಬಂದದ್ದು. 2021ರಲ್ಲಿ ಸ್ಯಾಕ್ರಮೆಂಟೊ ನದಿಗೆ ನಿರೀಕ್ಷಿಸಿದ್ದಕ್ಕಿಂತ 30 ಟಿಎಂಸಿಯಷ್ಟು ಕಡಿಮೆ ನೀರು ಬಂತು. ಒಣಗಿದ ಮಣ್ಣು ಕರಗಿದ ನೀರನ್ನು ಹೀರಿತು, ಬಿಸಿ ವಸಂತ ಉಳಿದದ್ದನ್ನು ಎಳೆದುಕೊಂಡಿತು. ಋತುವಿಗೆ ಮುಂಚೆಯೇ ಕರಗುವುದೆಂದರೆ ಬಿಸಿಲು ಮಂದವಿದ್ದಾಗ ನಿಧಾನವಾಗಿ ಕರಗುವುದು ಎಂಬುದನ್ನೂ ನೆನಪಿಡಬೇಕು. ತೊಟ್ಟಿಕ್ಕುವ ನೀರು ಹೊಳೆ ಸೇರುವುದಕ್ಕಿಂತ ಮಣ್ಣಲ್ಲಿ, ಗಿಡದಲ್ಲಿ, ಗಾಳಿಯಲ್ಲಿ ಕಳೆದುಹೋಗುವುದೇ ಹೆಚ್ಚು.

ನಮ್ಮ ಹಿಮಾಲಯವೂ ಇದರಿಂದ ಹೊರತಲ್ಲ. ಕಠ್ಮಂಡುವಿನ ಇಸಿಮೋಡ್ ಎಂಬ ಪರ್ವತ ಅಧ್ಯಯನ ಸಂಸ್ಥೆಯ ಉಪಗ್ರಹ ಲೆಕ್ಕದಲ್ಲಿ 2024–25ರ ಚಳಿಗಾಲದಲ್ಲಿ ಹಿಂದೂಕುಶ್–ಹಿಮಾಲಯದಲ್ಲಿ ಹಿಮ ನೆಲದ ಮೇಲೆ ನಿಂತ ಪ್ರಮಾಣ ವಾಡಿಕೆಗಿಂತ ಶೇ. 23.6 ಕಡಿಮೆ, 23 ವರ್ಷಗಳಲ್ಲೇ ಕನಿಷ್ಠ. 2024ರ ಜನವರಿಯಲ್ಲಿ, ‘ಚಿಲ್ಲೈ ಕಲಾನ್’ ಎಂಬ ಕಡುಚಳಿಯ ನಲವತ್ತು ದಿನಗಳ ನಡುವೆ, ಗುಲ್ಮಾರ್ಗ್ ಬೋಳಾಗಿತ್ತು. ಆಮೇಲೆ ಹಿಮ ಬಿತ್ತು ನಿಜ. ಆದರೆ ತಡವಾಗಿ ಬಿದ್ದ ಹಿಮಕ್ಕೆ ಕುಸಿದು ಗಟ್ಟಿಯಾಗಲು ಸಮಯ ಸಿಗುವುದಿಲ್ಲ, ವಸಂತದ ಮೊದಲ ಬಿಸಿಲಿಗೇ ಇಳಿದುಹೋಗುತ್ತದೆ.

ಸಿಯಾಟಲ್, ಬೇ ಏರಿಯಾದಲ್ಲಿರುವ ಕನ್ನಡಿಗರು ಚಳಿಗಾಲದ ವರದಿ ನೋಡುವಾಗ ಒಂದೆರಡು ಅಂಶ ಗಮನಿಸಬಹುದು. ಸ್ನೋಟೆಲ್ ಕೇಂದ್ರಗಳು ಹಿಮದೊಳಗಿನ ನೀರನ್ನೂ ಅಕ್ಟೋಬರ್ 1ರಿಂದ ಬಿದ್ದ ಒಟ್ಟು ನೀರನ್ನೂ ಬೇರೆಬೇರೆಯಾಗಿ ಕೊಡುತ್ತವೆ. ಎರಡೂ ವಾಡಿಕೆಗಿಂತ ಕೆಳಗಿದ್ದರೆ ಅದು ಒಣ ವರ್ಷ. ಎರಡನೆಯದು ನೂರರ ಹತ್ತಿರವಿದ್ದು ಮೊದಲನೆಯದು ಮಾತ್ರ ಕುಸಿದಿದ್ದರೆ 2015ರ ಥರದ್ದು. ಮೇ ತಿಂಗಳಿನ ‘ವಾಡಿಕೆಯ ಶೇ. ಇಷ್ಟು’ ಎಂಬ ಅಂಕಿಗೆ ತೀರಾ ಬೆಚ್ಚಬೇಕಿಲ್ಲ, ಆ ಹೊತ್ತಿಗೆ ಕೆಳಗಿನ ಕೇಂದ್ರಗಳಲ್ಲಿ ವಾಡಿಕೆಯೇ ಸೊನ್ನೆಗಿಳಿಯುತ್ತಿರುತ್ತದೆ. ನೋಡಬೇಕಾದದ್ದು ಏಪ್ರಿಲ್ 1ರದು. ಮಳೆಯ ಮುನ್ಸೂಚನೆಯಲ್ಲಿ ಸೊನ್ನೆ ಡಿಗ್ರಿಯ ಎತ್ತರವನ್ನು ಅಡಿಗಳಲ್ಲಿ ಕೊಟ್ಟಿರುತ್ತಾರೆ. ಅದು 7,000 ಎಂದಿದ್ದರೆ, 3,000 ಅಡಿಯ ಸ್ನೋಕ್ವಾಲ್ಮಿಯಲ್ಲಿ ಆ ದಿನ ಸುರಿಯುವುದು ಮಳೆಯೇ.