ಎನ್ ಎಷ್ಟು ಅಂತ ಹೇಳದೆ ಗುಣಿಸುವುದು

1ರಿಂದ 10ರವರೆಗಿನ ಸಂಖ್ಯೆಗಳನ್ನು ಗುಣಿಸು ಅಂದರೆ ಯಾವ ಕಂಪ್ಯೂಟರ್ ಆದರೂ ತಟಕ್ಕನೆ 36,28,800 ಅನ್ನುತ್ತದೆ. 1ರಿಂದ ‘ಎನ್’ವರೆಗೆ ಗುಣಿಸು ಅನ್ನಿ, ಮಾಮೂಲಿ ಪ್ರೋಗ್ರಾಂ ಕೈ ಎತ್ತಿಬಿಡುತ್ತದೆ. ಎನ್ ಎಷ್ಟು ಅಂತ ಗೊತ್ತಿಲ್ಲದೆ ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆದೇಶ, ಎಷ್ಟು ಸುತ್ತು ತಿರುಗಬೇಕು? ಆದರೆ ಪೈಥಾನ್‌ನಲ್ಲಿ (ಅದೊಂದು ಪ್ರೋಗ್ರಾಮಿಂಗ್ ಭಾಷೆ) ಪುಕ್ಕಟೆ ಸಿಗುವ ಸಿಂಪೈ ಎಂಬ ಗಣಿತದ ತಂತ್ರಾಂಶಕ್ಕೆ ಕೇಳಿದರೆ, ಎನ್ ಫ್ಯಾಕ್ಟೋರಿಯಲ್ ಎಂಬ ಉತ್ತರ ಬರುತ್ತದೆ. 1ರಿಂದ ಎನ್ ತನಕದ ಗುಣಲಬ್ಧಕ್ಕೆ ಗಣಿತದಲ್ಲಿ ಅದೇ ಹೆಸರು. ಅದಕ್ಕೆ ಅಕ್ಷರವೇ ಸಾಕು.

ಇನ್ನೊಂದು ಲೆಕ್ಕ ನೋಡಿ: (1 − 1/4) × (1 − 1/9) × (1 − 1/16)… ಹೀಗೆ ‘1 − 1/ಕೆ²’ ಎಂಬುದನ್ನು, ಕೆ 2ರಿಂದ ಎನ್ ಆಗುವವರೆಗೆ ಗುಣಿಸಬೇಕು. ತಂತ್ರಾಂಶ ಮೊದಲು ಅಪವರ್ತನ ಮಾಡುತ್ತದೆ: ಮೇಲೆ (ಕೆ − 1)(ಕೆ + 1), ಕೆಳಗೆ ಕೆ × ಕೆ. ಒಂದೊಂದರ ಗುಣಲಬ್ಧವೂ ಫ್ಯಾಕ್ಟೋರಿಯಲ್ ಥರದ್ದೇ. ಆಮೇಲೆ ಶಾಲೆಯಲ್ಲಿ ನಾವು ಮಾಡುತ್ತಿದ್ದ ಕೆಲಸ: ಮೇಲಿನದನ್ನು ಕೆಳಗಿನದರ ಜೊತೆ ಹೊಡೆದು ಹಾಕುವುದು. ಕೊನೆಗೆ ಉಳಿಯುವುದು (ಎನ್ + 1)/2ಎನ್, ಅಷ್ಟೇ. ಎನ್ 3 ಇಟ್ಟು ನೋಡಿ. 3/4 × 8/9 = 2/3, ಸೂತ್ರವೂ 4/6 ಅನ್ನುತ್ತದೆ. ಎನ್ ಹತ್ತು ಲಕ್ಷವಾದರೂ ಈಗ ಒಂದೇ ಭಾಗಾಕಾರ.

ಎಲ್ಲದಕ್ಕೂ ಹೀಗೆ ಸೂತ್ರ ಸಿಗುವುದಿಲ್ಲ. ತ್ರಿಕೋನಮಿತಿಯ ಸೈನ್ 1, ಸೈನ್ 2, ಸೈನ್ 3 ಅಂತ ಎನ್‌ವರೆಗೆ ಗುಣಿಸಲು ಹೇಳಿದರೆ ಸಿಂಪೈ ನೀವು ಕೊಟ್ಟದ್ದನ್ನೇ ವಾಪಸ್ ಕೊಡುತ್ತದೆ. ಸುಮ್ನೆ ಏನೋ ಒಂದು ಹೇಳುವುದಕ್ಕಿಂತ ಇದೇ ವಾಸಿ ಅಲ್ವಾ?

ಕೆ ವಿಷಯದಲ್ಲಿ ನಾನೂ ಒಮ್ಮೆ ಪೇಚಿಗೆ ಸಿಕ್ಕಿದ್ದೆ. ಅದು ಬರೀ ಜಾಗ ಹಿಡಿಯುವ ಅಕ್ಷರ, ಬೆಲೆ ಇರಬಾರದು. ನಾನೋ ಪ್ರೋಗ್ರಾಮಿನ ಮೇಲಿನ ಸಾಲಿನ ಲೂಪಿನಲ್ಲಿ ಅದೇ ಹೆಸರು ಬಳಸಿದ್ದೆ. ಲೂಪ್ ಮುಗಿದಾಗ ಕೆ 9 ಆಗಿ ಕೂತಿತ್ತು! ಗುಣಿಸು ಅಂದರೆ ಬರೀ ಎರರ್. ಕಾಲು ಜಾರಿ ಬೀಳುವ ಇನ್ನೊಂದು ಗುಂಡಿಯೂ ಇದೆ. ಪೈಥಾನಿನ ಲೂಪಿಗೆ 1ರಿಂದ 10 ಅಂದರೆ 9ಕ್ಕೇ ನಿಲ್ಲುತ್ತದೆ, ಸಿಂಪೈನ ಗುಣಲಬ್ಧ 10ನ್ನೂ ಸೇರಿಸುತ್ತದೆ.

ಅಕ್ಷರದ ಮಜಾ ಜಾಸ್ತಿ ಗೊತ್ತಾಗುವುದು ಅನಂತದ ಹತ್ತಿರ. ಇಂಗ್ಲೆಂಡಿನ ಜಾನ್ ವಾಲಿಸ್ 1656ರಲ್ಲಿ ಪ್ರಕಟಿಸಿದ ಗುಣಲಬ್ಧ ಇದು: 4/3 × 16/15 × 36/35… ಕೊನೆಯಿಲ್ಲದೆ ಹೋದರೆ ಪೈಯ ಅರ್ಧ. ಲೂಪಿನಲ್ಲಿ ಸಾವಿರ ಪದ ಗುಣಿಸಿ ಎರಡರಿಂದ ಗುಣಿಸಿದರೂ 3.1408 ಮಾತ್ರ ಬರುತ್ತದೆ, ಮೂರನೇ ದಶಮಾಂಶದಲ್ಲೇ ತಪ್ಪು. ಸಿಂಪೈ ಮೊದಲು ಎನ್‌ವರೆಗಿನ ಸೂತ್ರ ಬರೆಯುತ್ತದೆ. ಆಮೇಲೆ ಎನ್ ಅನಂತಕ್ಕೆ ಹೋದರೆ ಏನು ಅಂತ ಕೇಳಿದರೆ ಪೈ/2 ಅನ್ನುತ್ತದೆ, ದಶಮಾಂಶವೇ ಇಲ್ಲದೆ.