ಪಕ್ಕವಾದ್ಯದವಳ ಮಾತು ಸ್ವಲ್ಪ ಕೇಳಿ

ಪಿಟೀಲು ನುಡಿಸುವ ಮಕ್ಕಳಿಗೆ ಪಿಯಾನೋದಲ್ಲಿ ಜೊತೆ ಕೊಡುವುದು ನನ್ನ ಕೆಲಸ. ಮುಂಬೈ ಮಾಟುಂಗಾದ ನಮ್ಮ ಮನೆಗೆ ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರ ಮೊದಲ ಮಾತು ಹೆಚ್ಚುಕಡಿಮೆ ಒಂದೇ. "ಇವಳ ಭಾಗ ಪಕ್ಕಾ ಆಗಿದೆ ಮೇಡಂ, ನಿಮ್ಮ ಜೊತೆ ಒಂದು ಸಲ ನುಡಿಸಿದರೆ ಸಾಕು." ಕಾರ್ಯಕ್ರಮಕ್ಕೆ ಮೂರೇ ದಿನ ಇರುತ್ತದೆ. ಅಲ್ಲಿಯವರೆಗೆ ಮಗು ಮೊಬೈಲಿನಲ್ಲಿ ಪಿಯಾನೋ ಟ್ರ್ಯಾಕ್ ಹಾಕಿಕೊಂಡು ಅಭ್ಯಾಸ ಮಾಡಿರುತ್ತದೆ.

ಟ್ರ್ಯಾಕ್‌ಗೆ ಕಿವಿ ಇಲ್ಲ. ನೀವು ಉಸಿರೆಳೆದುಕೊಂಡರೆ ಅದು ಕಾಯುವುದಿಲ್ಲ. ನಾನು ಕಾಯುತ್ತೇನೆ, ಆದರೆ ಮಗುವೂ ನನಗೆ ಕಾಯಬೇಕಲ್ವಾ?

ಕಳೆದ ಮಳೆಗಾಲದಲ್ಲಿ ಡೊಂಬಿವಿಲಿಯಿಂದ 16 ವರ್ಷದ ಹುಡುಗಿಯೊಬ್ಬಳು ಬಂದಳು. ನುಡಿಸಬೇಕಿದ್ದದ್ದು ಜರ್ಮನ್ ಸಂಗೀತಕಾರ ಮೆಂಡೆಲ್ಸನ್‌ನ ಇ ಮೈನರ್ ಪಿಟೀಲು ಕಾನ್ಸರ್ಟೊ, ಅಂದರೆ ಒಂದು ಪಿಟೀಲು ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ. 1845ರಲ್ಲಿ ಲೈಪ್‌ಜಿಗ್‌ನಲ್ಲಿ ಮೊದಲು ಕೇಳಿಸಿದ ಕೃತಿ. ಕೈ ತುಂಬಾ ಒಳ್ಳೆಯದು. ಪಿಟೀಲು ಒಂದೇ ನುಡಿಯುವ ಕೆಡೆಂಜಾ ಚೆನ್ನಾಗಿಯೇ ಬಂತು. ಅದರ ಕೊನೆಯಲ್ಲಿ ಕಮಾನು ನಾಲ್ಕೂ ತಂತಿಗಳ ಮೇಲೆ ಪುಟಿಯುತ್ತದೆ. ಅದು ಪುಟಿಯುತ್ತಿರುವಾಗಲೇ ಆರಂಭದ ಟ್ಯೂನ್ ಆರ್ಕೆಸ್ಟ್ರಾದಲ್ಲಿ ಮೆಲ್ಲಗೆ ವಾಪಸ್ ಬರುತ್ತದೆ. ಅಂದರೆ ಅಲ್ಲಿ ಸೋಲೋ ಪಿಟೀಲೇ ಪಕ್ಕವಾದ್ಯ! ರಿಹರ್ಸಲ್‌ನಲ್ಲಿ ಆರ್ಕೆಸ್ಟ್ರಾ ಬದಲು ನನ್ನ ಪಿಯಾನೋ, ಹಾಗಾಗಿ ಆ ಟ್ಯೂನ್ ನನ್ನ ಬಲಗೈಯಲ್ಲಿ. ಅವಳು ಜೋರಾಗಿ ನುಡಿಸುತ್ತಲೇ ಹೋದಳು. ನಾನು ಬಂದದ್ದು ಗೊತ್ತೇ ಆಗಲಿಲ್ಲ. ನಿಲ್ಲಿಸಿ ಕೇಳಿದೆ, "ಈಗ ಟ್ಯೂನ್ ಯಾರ ಹತ್ತಿರ ಇದೆ?" "ನನ್ನ ಹತ್ತಿರ" ಅಂದಳು. ಪಾಪ, ಅವಳ ಪುಟದಲ್ಲಿ ಅವಳ ಸಾಲು ಮಾತ್ರ ಇತ್ತು. ಜೊತೆಗೆ ಬಂದಿದ್ದ, ಇಬ್ಬರ ಸಾಲೂ ಇರುವ ಪಿಯಾನೋ ಪುಸ್ತಕ ಮನೆಯ ಕಪಾಟಿನಲ್ಲಿ ಹೊಸದಾಗಿಯೇ ಉಳಿದಿತ್ತು.

ಸೋಲೋಯಿಸ್ಟ್ ಆಗಬೇಕು ಅನ್ನುವವರಿಗೆ ಇದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ಸೋಲೋ ಅಂದರೆ ಜೊತೆಯವರನ್ನು ಎಲ್ಲರಿಗಿಂತ ಜಾಸ್ತಿ ಕೇಳಿಸಿಕೊಳ್ಳುವ ಕೆಲಸ. ಬೀಥೋವನ್‌ನ ಪಿಟೀಲು ಕಾನ್ಸರ್ಟೊದಲ್ಲಿ ಸೋಲೋ ಬರುವುದು 89ನೇ ಬಾರ್‌ನಲ್ಲಿ (ಬಾರ್ ಅಂದರೆ ನಮ್ಮ ತಾಳದ ಆವರ್ತದಂಥ ಒಂದು ಅಳತೆ). ಅಷ್ಟು ಹೊತ್ತು ಸಭೆಯ ಮುಂದೆ ನಿಂತು ಕೇಳಬೇಕು. ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆಯಲ್ಲಿ ಫೈನಲ್‌ಗೆ ಬಂದವರಿಗೆ ಯಾರೂ ಕೇಳಿರದ ಹೊಸ ಕೃತಿ ಕೊಡುತ್ತಾರೆ. ಕಲಿಯಲು ಒಂದು ವಾರ, ಆಮೇಲೆ ಆರ್ಕೆಸ್ಟ್ರಾ ಜೊತೆ ನುಡಿಸಬೇಕು. ಅದಕ್ಕೆ ಯಾವ ಟ್ರ್ಯಾಕ್ ಸಿಗುತ್ತದೆ ಹೇಳಿ? ವೃತ್ತಿಯಲ್ಲೂ ಅಷ್ಟೇ, ಸಾಮಾನ್ಯವಾಗಿ ಒಂದೆರಡು ರಿಹರ್ಸಲ್, ನೇರ ವೇದಿಕೆ. ನಾನು ನೋಡಿದ ಮಟ್ಟಿಗೆ, ಜೊತೆಗೆ ನುಡಿಸಲು ಬರುವವರನ್ನೇ ಮತ್ತೆ ಕರೆಯುತ್ತಾರೆ.

ಕನ್ನಡದವರಿಗೆ ಇದು ಹೊಸದಾಗಿ ಹೇಳುವ ಮಾತೇ ಅಲ್ಲ. ದೊಡ್ಡ ಸಭೆಗೆ ಕೇಳಲಿ ಅಂತ ಏಳು ತಂತಿಯ ಪಿಟೀಲು ಮಾಡಿಕೊಂಡ ಚೌಡಯ್ಯನವರು ಎಷ್ಟು ಹಾಡುಗಾರರ ಪಕ್ಕದಲ್ಲಿ ಕೂತು ನುಡಿಸಿದರು!

ಯಾವ ಮಗು ಎಲ್ಲಿಗೆ ಮುಟ್ಟುತ್ತದೆ ಅಂತ ನಾನು ಹೇಳಲಾರೆ. ಪಾಠದ ವಿಷಯದಲ್ಲಿ ಟೀಚರ್ ಮಾತೇ ಮೊದಲು. ಆದರೆ ಮೂರು ದಿನ ಅಲ್ಲ, ಮೂರು ತಿಂಗಳು ಮುಂಚೆ ಬನ್ನಿ. ಪಕ್ಕದ ಬಿಲ್ಡಿಂಗ್‌ನಲ್ಲಿ ಪಿಯಾನೋ ಕಲಿಯುವ ಮಗು ಇದ್ದರೆ ವಾರಕ್ಕೊಮ್ಮೆ ಜೊತೆ ಕೂರಿಸಿ, ತಪ್ಪು ಬಂದರೂ ಪರವಾಗಿಲ್ಲ. ನರಿಮನ್ ಪಾಯಿಂಟ್‌ನ ಎನ್‌ಸಿಪಿಎ (ನ್ಯಾಷನಲ್ ಸೆಂಟರ್ ಫಾರ್ ದ ಪರ್ಫಾರ್ಮಿಂಗ್ ಆರ್ಟ್ಸ್) ಕಲಾಕೇಂದ್ರದಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಕಾನ್ಸರ್ಟೊ ನುಡಿಸುವಾಗ ಕರೆದುಕೊಂಡು ಹೋಗಿ. ಸೋಲೋಯಿಸ್ಟ್ ಸುಮ್ನೆ ನಿಂತಿರುವಾಗ ಯಾರ ಕಡೆ ತಿರುಗುತ್ತಾರೆ, ಅದನ್ನು ತೋರಿಸಿ.

ಡೊಂಬಿವಿಲಿಯ ಹುಡುಗಿ ಮುಂದಿನ ವಾರ ಪಿಯಾನೋ ಪುಸ್ತಕ ತಂದಳು. ಆ ಜಾಗದಲ್ಲಿ, ನನ್ನ ಸಾಲಿನ ಮೇಲೆ, ಪೆನ್ಸಿಲಿನಲ್ಲಿ ಬರೆದಿದ್ದಳು: "ಆಂಟಿ ಬರ್ತಾರೆ, ಮೆಲ್ಲಗೆ."